ಹಂಗೇ ಅಂದ್ರೆ?

ಏಳನೇ ಬೆಡ್ಡಿನ ಚೌಡಮ್ಮನಿಗೆ ಜ್ವರ ನೂರಾ ಮೂರು,
ನಾಡಿ ಮಾತ್ರ ಐವತ್ತಾರು.
ದರಗು ಗುಡಿಸಲು ಕಾಡಿಗೆ ಹೋದವಳು,
ಉಣುಗು ಕಚ್ಚಿದ್ದು ಮನೆಗೆ ಬಂದ ಮೇಲೂ ಗೊತ್ತಾಗಿರಲಿಲ್ಲ.
ತಪ್ಪು ಎಣಿಸಿದೆನೇನೋ ಅಂತ ಸಫೂರಾ ಮೂರು ಸಲ ಎಣಿಸಿದಳು.
ಭದ್ರಾವತಿಯ ಹುಡುಗಿ, ಎರಡನೇ ವರ್ಷ,
ಗಡಿಯಾರವನ್ನು ಎದೆಗೆ ಪಿನ್ನು ಹಾಕಿಕೊಂಡವಳು.
"ಮೈ ಕಾದಷ್ಟೂ ನಾಡಿ ಓಡಬೇಕಲ್ವಾ ಸಿಸ್ಟರ್?"

"ಮಂಗನ ಕಾಯಿಲೇಲಿ ಹಂಗೇ ಕಣೇ" ಅಂದೆ
ಡ್ರಿಪ್ಪಿನ ಗಾಳಿಗುಳ್ಳೆಯನ್ನು ಉಗುರಲ್ಲಿ ತಟ್ಟುತ್ತ.

"ಹಂಗೇ ಅಂದ್ರೆ?"

ಶಿವಮೊಗ್ಗದ ಈ ದೊಡ್ಡಾಸ್ಪತ್ರೆಯಲ್ಲಿ, ಅದಕ್ಕೂ ಮುಂಚೆ ಸಾಗರದಲ್ಲಿ,
ಒಟ್ಟು ಹತ್ತೊಂಬತ್ತು ವರ್ಷ.
ಕರೆಂಟು ಹೋದರೂ ನರ ಸಿಗುತ್ತದೆ ನನ್ನ ಬೆರಳಿಗೆ
ಒಳಜೇಬಿನ ಚಿಲ್ಲರೆಯ ಹಾಗೆ.
ಉಸಿರು ಬದಲಾದರೆ ಬಾಗಿಲಲ್ಲೇ ಕೇಳುತ್ತದೆ.
ಹೊಸ ಡಾಕ್ಟರುಗಳು ಮೆಲ್ಲಗೆ ಬಂದು
"ನಿಮಗೇನನ್ನಿಸುತ್ತೆ ಸಿಸ್ಟರ್" ಅಂತ ಕೇಳಿ
ನಾನಂದದ್ದನ್ನು ತಮ್ಮ ಅಕ್ಷರದಲ್ಲಿ ಬರೆದು ಸಹಿ ಹಾಕುತ್ತಾರೆ.
ಬೇಜಾರಿಲ್ಲ. ಇತ್ತು, ಈಗಿಲ್ಲ.
ಬೇಜಾರು ಆ ಹುಡುಗಿಯ ಎರಡು ಶಬ್ದದ್ದು.

ಯಾಕೆಂದರೆ ಆ "ಹಂಗೇ" ನನ್ನದಲ್ಲ.
ಕೊಟ್ಟವರು ಸಿಸ್ಟರ್ ಬೆನಡಿಕ್ಟಾ, ಸಾಗರದ ರಾತ್ರಿಪಾಳಿಯಲ್ಲಿ,
ನಾನಾಗ ಇಪ್ಪತ್ತೆರಡು, ಕೇಳಿದ್ದೆ, ನಿಜವಾಗಿ ಕೇಳಿದ್ದೆ.
ಅವರಿಗೆ ಯಾರು ಕೊಟ್ಟಿದ್ದರೋ.
ಆಸ್ಪತ್ರೆಯ ಕೆಂಪು ಕಂಬಳಿಯ ಹಾಗೆ ಒಗೆದೊಗೆದು ಹೊದಿಸುತ್ತ ಬಂದಿದ್ದೇವೆ,
ಮೂಲೆಯ ಸೀಲು ಅಳಿಸಿಹೋಗಿದೆ.

ಎಂ.ಎಸ್ಸಿ. ನರ್ಸಿಂಗ್, ಎರಡು ವರ್ಷ.
ಫಾರಂ ತಂದು ಫ್ರಿಜ್ಜಿನ ಮೇಲೆ, ಗ್ಯಾಸಿನ ಪುಸ್ತಕದ ಅಡಿಗೆ ಇಟ್ಟೆ.
ಹನ್ನೊಂದು ದಿನ ಅಲ್ಲೇ ಇತ್ತು.
ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ಹೆಸರು ಬರೆಯಬೇಕಂತೆ:
ಪುಟ್ಟಗೌರಿ ಕೆ. ಎನ್.
ಯಾರೋ ಓಪಿಡಿಯಲ್ಲಿ ಕೂಗಿದ ಹೆಸರಿನಂತೆ ಕೇಳಿಸಿತು,
ಎದ್ದು ಬರುವವರು ಯಾರೂ ಕಾಣಲಿಲ್ಲ.

ಉಮಾಪತಿ ಬಸ್ಸಿನ ಕಂಡಕ್ಟರು, ಲೆಕ್ಕ ಬಾಯಲ್ಲೇ:
ಸೈಟಿನ ಕಂತು, ಅಖಿಲಾಳ ಟ್ಯೂಷನ್ನು,
ಅವನ ಅವ್ವನ ಮೊಣಕಾಲು.
"ಪ್ರಮೋಷನ್ ಸಿಗುತ್ತಾ?"
"ಗೊತ್ತಿಲ್ಲ."
"ಸಂಬಳ?"
"ಅದೂ ಗೊತ್ತಿಲ್ಲ."
"ಮತ್ಯಾಕೆ?"
ನಾಡಿಯ ಕತೆ ಹೇಳಿದೆ.
ಅನ್ನ ಕಲಸುತ್ತಿದ್ದ ಕೈ ನಿಂತಿತು. "ಐವತ್ತಾರಾ?" ಅಂದ.
"ಬದುಕಿದಳಾ?"
"ಹದಿಮೂರನೇ ದಿನ ತನ್ನ ಚೀಲ ತಾನೇ ಹಿಡಿದು
ಹೊಸನಗರದ ಬಸ್ಸು ಹತ್ತಿದಳು."
"ಎಷ್ಟು ಗಂಟೆಯದ್ದು?" ಅಂದ, "ನಮ್ಮ ಡಿಪೋದ್ದೇ ಇರಬೇಕು."
ಆಮೇಲೆ ಬಹಳ ಹೊತ್ತು ಮಜ್ಜಿಗೆ ಹಾಕಿಸಿಕೊಳ್ಳಲೇ ಇಲ್ಲ.

ಪ್ರವೇಶ ಪರೀಕ್ಷೆಯ ಪುಸ್ತಕ ತೆರೆದರೆ
ಮಾತುಗಳೆಲ್ಲ ಪರಿಚಿತರೇ. ಮುಖ ಗೊತ್ತು, ಮನೆ ಗೊತ್ತಿಲ್ಲ.
ಒಂದು ಪುಟಕ್ಕೆ ಮೂರು ಆಕಳಿಕೆ.
ಅಖಿಲಾ ತನ್ನ ಹಳದಿ ಪೆನ್ನು ಕೊಟ್ಟಳು,
ನಾನು ಇಡೀ ಪುಟಕ್ಕೆ ಬಳಿದುಬಿಟ್ಟೆ.
"ಅಮ್ಮಾ, ಎಲ್ಲಾ ಮುಖ್ಯ ಅಂದ್ರೆ ಯಾವ್ದೂ ಮುಖ್ಯ ಅಲ್ಲ"
ಅಂತ ಪೆನ್ನು ವಾಪಸು ಕಿತ್ತುಕೊಂಡಳು.

ನಿನ್ನೆ ಲಾಂಡ್ರಿಯ ಹತ್ತಿರ ಸಫೂರಾ ಸಿಕ್ಕಳು.
ಈಗ ಹೆರಿಗೆ ವಾರ್ಡು, ಕಣ್ಣ ಕೆಳಗೆ ಕಪ್ಪು.
"ಆವತ್ತು ಹಂಗೇ ಅಂದೆನಲ್ಲ, ನನಗೆ ಗೊತ್ತಿರಲಿಲ್ಲ."
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆಡಿದ ಮಾತು,
ಹೊರಗೆ ಬಂದ ಮೇಲೆ ನೋಡಿದರೆ ಹತ್ತಿಯಷ್ಟೂ ತೂಕವಿಲ್ಲ.
"ಗೊತ್ತಾಯ್ತು ಸಿಸ್ಟರ್" ಅಂದಳು, ಪಾಪ, ನಗದೆ.
"ಮೊಬೈಲಲ್ಲೂ ಹುಡುಕಿದೆ.
ಅಲ್ಲೂ ಸುತ್ತಿ ಬಳಸಿ ಹಂಗೇ ಅಂತಿದೆ."

ಇವತ್ತು ಸಂಜೆ ಫಾರಂ ಕೊಟ್ಟು ಬಂದೆ.
ಮುಂದೆ ಯಾವುದೋ ಲಾರಿ ಕೆಟ್ಟು
ತುಂಗೆಯ ಸೇತುವೆ ಮೇಲೆ ಸಿಟಿ ಬಸ್ಸು ನಿಂತೇ ಇತ್ತು.
ಸುಮ್ಮನೆ ನನ್ನ ಮಣಿಕಟ್ಟು ನಾನೇ ಹಿಡಿದೆ.
ತೊಂಬತ್ತೆರಡು. ಜ್ವರವಿಲ್ಲ.
ಹದಿನೈದು ಸೆಕೆಂಡಿಗೆ ನಿಲ್ಲಿಸಿ ನಾಲ್ಕರಿಂದ ಗುಣಿಸುವುದು ನಮ್ಮ ಚಾಳಿ.
ಇವತ್ತು ಪೂರಾ ನಿಮಿಷ ಎಣಿಸಿದೆ.